ಬಣ್ಣದ ಮಾತು



ನಮ್ಮ ಕನ್ನಡದಲ್ಲಿ 'ಬಣ್ಣ' ಎಂಬ ಪದಕ್ಕೆ ಎರಡು ಮುಖಗಳಿವೆ. ಒಬ್ಬನು ನಾಟಕದಲ್ಲಿ ಪಾತ್ರ ವಹಿಸಿದರೆ 'ಬಣ್ಣ ಹಚ್ಚಿದ' ಎನ್ನುತ್ತೇವೆ, ಅದರಲ್ಲಿ ಮೆಚ್ಚುಗೆಯಿದೆ. ಅದೇ ಮನುಷ್ಯ ನಯವಾಗಿ ಸುಳ್ಳಾಡಿದರೆ 'ಬಣ್ಣದ ಮಾತು' ಎನ್ನುತ್ತೇವೆ, ಅದರಲ್ಲಿ ಎಚ್ಚರಿಕೆಯಿದೆ. ಬಯಲಾಟದ ವೇಷಕ್ಕೂ ವಂಚಕನ ನಾಲಿಗೆಗೂ ನಮ್ಮ ಹಿರಿಯರು ಒಂದೇ ಪದವನ್ನು ಬಳಸಿದ್ದಾರೆ. ಹಾಗಾದರೆ ಆಟ ಎಲ್ಲಿಗೆ ಮುಗಿಯುತ್ತದೆ, ಸುಳ್ಳು ಎಲ್ಲಿಂದ ಆರಂಭವಾಗುತ್ತದೆ? ಪ್ರೀತಿಯಿಂದ ಆಡಿದ ಸುಳ್ಳು ಸುಳ್ಳಲ್ಲವೇ? ಈ ಪ್ರಶ್ನೆಯನ್ನು ಗುರುಮಠದ ಪಾಠಗಳಲ್ಲಿ ನಾನು ಎಂದೋ ಓದಿ, ಪರೀಕ್ಷೆಯಲ್ಲಿ ಉತ್ತರ ಬರೆದು, ಅಂಕ ಪಡೆದು ಮರೆತಿದ್ದೆ. ಅದು ಮತ್ತೆ ನನ್ನೆದುರು ಬಂದು ನಿಂತದ್ದು ಒಂದು ಡಿವಿಡಿಯ ಮೂಲಕ.

ಗಂಗಾವತಿಯ ಒಂದು ಸಂಜೆ

2004ರ ಮೇ ತಿಂಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಗಿನ್ನೂ ನಮ್ಮ ಜಿಲ್ಲೆಗೆ ಈ ನಾಲ್ಕೇ ತಾಲ್ಲೂಕುಗಳು. ನಾಲ್ಕೂ ಕಡೆಯಿಂದ ಸುಮಾರು ನಲವತ್ತು ಮಕ್ಕಳು ಬೇಸಿಗೆ ಶಿಬಿರಕ್ಕೆಂದು ಗಂಗಾವತಿಯಲ್ಲಿ ಸೇರಿದ್ದರು. ಎಲ್ಲ ಮತಗಳ ಮಕ್ಕಳೂ ಇದ್ದರು. ತುಂಗಭದ್ರೆಯ ಕಾಲುವೆ ನೀರಿನಿಂದ ಭತ್ತ ಬೆಳೆಯುವ ಕ್ಯಾಂಪುಗಳಿಂದ ಬಂದವರು ಮನೆಯಲ್ಲಿ ತೆಲುಗು ಆಡುವವರು; ತಾಂಡಾಗಳಿಂದ ಬಂದವರು ಲಂಬಾಣಿ ಆಡುವವರು; ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಯವರದು ಗಟ್ಟಿಯಾದ ನಮ್ಮ ಕನ್ನಡ. ಬೆಂಗಳೂರಿನ ಗುರುಮಠದಿಂದ ರಜೆಗೆ ಬಂದಿದ್ದ ಒಬ್ಬ ಬ್ರದರ್ ತನ್ನ ಚೀಲದಿಂದ ಒಂದು ಡಿವಿಡಿ ತೆಗೆದು, "ಫಾದರ್, ಮಕ್ಕಳಿಗೆ ಇದನ್ನು ತೋರಿಸೋಣ. ನಗಿಸುವ ಚಿತ್ರ" ಎಂದರು. ಅದು ಇಟಲಿಯ ರೊಬರ್ಟೊ ಬೆನಿನಿ ನಿರ್ದೇಶಿಸಿ, ತಾನೇ ನಾಯಕನಾಗಿ ನಟಿಸಿದ 'ಲಾ ವೀತಾ ಎ ಬೆಲ್ಲಾ'. ಇಂಗ್ಲಿಷಿನಲ್ಲಿ 'ಲೈಫ್ ಈಸ್ ಬ್ಯೂಟಿಫುಲ್', ನಮ್ಮ ಮಾತಿನಲ್ಲಿ 'ಬದುಕು ಸುಂದರ'.

1997ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ತೆರೆಕಂಡ ಈ ಚಿತ್ರಕ್ಕೆ 1998ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ದೊರೆಯಿತು. 1999ರಲ್ಲಿ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು: ಅತ್ಯುತ್ತಮ ವಿದೇಶಿ ಭಾಷಾ ಚಿತ್ರ, ಅತ್ಯುತ್ತಮ ನಟ ಮತ್ತು ನಿಕೊಲಾ ಪಿಯೊವಾನಿಯ ಸಂಗೀತ. ಅದೇ ವರ್ಷ ವಿಶ್ವಗುರು ಎರಡನೇ ಜಾನ್ ಪೌಲರೂ ಇದನ್ನು ನೋಡಿದರು. ಔಶ್ವಿಟ್ಸ್ ಶಿಬಿರವಿದ್ದ ನೆಲ ಅವರು ಹಿಂದೆ ಮಹಾಧರ್ಮಾಧ್ಯಕ್ಷರಾಗಿದ್ದ ಕ್ರಾಕೋವ್ ಧರ್ಮಕ್ಷೇತ್ರಕ್ಕೆ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಕಥೆ 1939ರಲ್ಲಿ, ಟಸ್ಕನಿಯ ಅರೆಟ್ಸೊ ಎಂಬ ಹಳೆಯ ಪಟ್ಟಣದಲ್ಲಿ ಆರಂಭವಾಗುತ್ತದೆ. ಗ್ವಿದೊ ಎಂಬ ಯೆಹೂದಿ ಯುವಕ ಹೋಟೆಲಿನ ಮಾಣಿ, ಮಾತಿನ ಮಲ್ಲ. ಡೋರಾ ಎಂಬ ಶಿಕ್ಷಕಿಯನ್ನು ನಗಿಸಿ ನಗಿಸಿಯೇ ಒಲಿಸಿಕೊಳ್ಳುತ್ತಾನೆ. ಮೊದಲರ್ಧವೆಲ್ಲ ಬಣ್ಣದ ಸಂಭ್ರಮ. ಕಲ್ಲುಹಾಸಿನ ಬೀದಿಯ ಮೇಲೆ ಹಳದಿ ಬಿಸಿಲು, ಔತಣಕೂಟದ ದೀಪಗಳು, ಮಳೆಯಲ್ಲಿ ಮೆಟ್ಟಿಲ ಮೇಲೆ ಹಾಸಿದ ಕೆಂಪು ಬಟ್ಟೆ. ಆದರೆ ಆ ಬಣ್ಣಗಳ ನಡುವೆಯೇ ವಿಷ ಇಣುಕುತ್ತದೆ. ಗ್ವಿದೊನ ಚಿಕ್ಕಪ್ಪನ ಬಿಳಿ ಕುದುರೆಗೆ ಯಾರೋ ಹಸಿರು ಬಣ್ಣ ಬಳಿದು, ಅದರ ಮೈಮೇಲೆ ಯೆಹೂದಿ ದ್ವೇಷದ ಬರಹ ಗೀಚಿರುತ್ತಾರೆ. ಇಟಲಿಯಲ್ಲಿ 1938ರಲ್ಲಿಯೇ ಯೆಹೂದಿಗಳ ವಿರುದ್ಧ ಜನಾಂಗ ಕಾಯಿದೆಗಳು ಬಂದಿದ್ದವು.

ಕೆಲವು ವರ್ಷಗಳ ಬಳಿಕ ಗ್ವಿದೊ, ಅವನ ಪುಟ್ಟ ಮಗ ಜೊಸುಯೆ, ಚಿಕ್ಕಪ್ಪ ಮೂವರನ್ನೂ ರೈಲಿನಲ್ಲಿ ತುಂಬಿ ಸಾವಿನ ಶಿಬಿರಕ್ಕೆ ಒಯ್ಯುತ್ತಾರೆ. ಯೆಹೂದಿಯಲ್ಲದ ಡೋರಾ ತಾನಾಗಿಯೇ ಆ ರೈಲು ಹತ್ತುತ್ತಾಳೆ. ಇಲ್ಲಿಂದ ಬಣ್ಣಗಳು ಆರಿಹೋಗಿ ಪರದೆ ಬೂದಿಯಾಗುತ್ತದೆ. ಗ್ವಿದೊ ಮಗನಿಗೆ ಹೇಳುತ್ತಾನೆ: ಇದೊಂದು ಆಟ; ಸಾವಿರ ಅಂಕ ಮೊದಲು ಗಳಿಸಿದವರಿಗೆ ನಿಜವಾದ ಟ್ಯಾಂಕ್ ಬಹುಮಾನ; ಅತ್ತರೆ, ಅಮ್ಮ ಬೇಕೆಂದರೆ, ತಿಂಡಿ ಕೇಳಿದರೆ ಅಂಕ ಕಳೆಯುತ್ತಾರೆ. ಜರ್ಮನ್ ಕಾವಲುಗಾರ ಶಿಬಿರದ ಕ್ರೂರ ನಿಯಮಗಳನ್ನು ಅಬ್ಬರಿಸುವಾಗ, ಜರ್ಮನ್ ಒಂದಕ್ಷರವೂ ಬಾರದ ಗ್ವಿದೊ ತಾನು ಅನುವಾದಿಸುವೆನೆಂದು ಮುಂದೆ ಬಂದು, ಮಗನಿಗಾಗಿ ಆಟದ ನಿಯಮಗಳನ್ನು ಹೇಳುತ್ತಾನೆ. ಕೊನೆಗೆ ಅವನನ್ನು ಕೊಲ್ಲಲು ಒಯ್ಯುತ್ತಾರೆ. ಮಗ ಒಂದು ಕಬ್ಬಿಣದ ಪೆಟ್ಟಿಗೆಯ ಸಂದಿನಿಂದ ನೋಡುತ್ತಿದ್ದಾನೆಂದು ಅವನಿಗೆ ಗೊತ್ತು. ಕಣ್ಣು ಮಿಟುಕಿಸಿ, ಕೋಡಂಗಿಯಂತೆ ಹೆಜ್ಜೆ ಹಾಕುತ್ತ ನಡೆದು ಗೋಡೆಯ ಆಚೆಗೆ ಮರೆಯಾಗುತ್ತಾನೆ. ಗುಂಡಿನ ಸದ್ದು ಕೇಳುತ್ತದೆ. ಮರುದಿನ ಬೆಳಗ್ಗೆ ಬರಿದಾದ ಶಿಬಿರಕ್ಕೆ ಅಮೆರಿಕನ್ ಟ್ಯಾಂಕ್ ಬರುತ್ತದೆ. ಮಗು ತಾನು ಗೆದ್ದೆನೆಂದು ಕುಣಿಯುತ್ತದೆ.

ಆ ಡಿವಿಡಿಯಲ್ಲಿ ಮೂಲ ಇಟಾಲಿಯನ್ ಧ್ವನಿಯೂ ಇತ್ತು, ಇಂಗ್ಲಿಷ್ ಧ್ವನಿಯೂ ಇತ್ತು. ಇಂಗ್ಲಿಷಿನಲ್ಲಿ ಸ್ವಲ್ಪ ಹಾಕಿ ನೋಡಿದೆವು. ಬೆನಿನಿಯ ಜೀವವೇ ಅವನ ಕಂಠದಲ್ಲಿದೆ, ಬೇರೆಯವರ ಧ್ವನಿಯಲ್ಲಿ ಅವನು ಬೊಂಬೆಯಾಗುತ್ತಾನೆ. ಇಟಾಲಿಯನ್ ಇಟ್ಟು, ಕೆಳಗೆ ಇಂಗ್ಲಿಷ್ ಅಕ್ಷರ ಹಾಕಿದೆವು. ಕನ್ನಡದ ಅಕ್ಷರವಾಗಲಿ ಧ್ವನಿಯಾಗಲಿ ಇರಲಿಲ್ಲ. ಹೊರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಚಿತ್ರರಂಗದ ಕಟ್ಟುಪಾಡು ಆಗ ಬಿಗಿಯಾಗಿತ್ತು. ಅದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಆದ್ದರಿಂದ ನಲವತ್ತು ಮಕ್ಕಳ ಮುಂದೆ, ಟಿವಿಯ ಪಕ್ಕದಲ್ಲಿ ನಿಂತು, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಮೊದಲರ್ಧ ಸುಲಭವಾಗಿತ್ತು. ನಗುವಿಗೆ ಅನುವಾದ ಬೇಕಾಗಲಿಲ್ಲ. ತಲೆಯ ಮೇಲೆ ಮೊಟ್ಟೆ ಒಡೆದದ್ದು ಕುಷ್ಟಗಿಯ ಮಗುವಿಗೂ ಕ್ಯಾಂಪಿನ ಮಗುವಿಗೂ ಒಂದೇ. ಆದರೆ ಶಿಬಿರದ ದೃಶ್ಯಗಳು ಬಂದಾಗ ನನ್ನ ನಾಲಿಗೆ ತಡವರಿಸಿತು. ಮುದುಕರನ್ನೂ ಮಕ್ಕಳನ್ನೂ ಸ್ನಾನಕ್ಕೆಂದು ಕರೆದೊಯ್ದು ವಿಷಾನಿಲದಿಂದ ಕೊಲ್ಲುತ್ತಿದ್ದರು. ಚಿತ್ರದಲ್ಲಿ ಚಿಕ್ಕಪ್ಪ ಬಟ್ಟೆ ಕಳಚಿ ನಿಂತಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮುತ್ಯಾನ್ನ ಎಲ್ಲಿಗೆ ಕರಕೊಂಡು ಹೊಂಟಾರ್ರಿ?" ಎಂದು ಕೇಳಿದಳು. "ಜಳಕಕ್ಕೆ" ಎಂದೆ. ಕೊನೆಯ ಗುಂಡಿನ ಸದ್ದಾದಾಗ ಏನನ್ನೂ ಹೇಳದೆ ನುಂಗಿಕೊಂಡೆ. ಪರದೆಯ ಮೇಲೆ ಗ್ವಿದೊ ಮಾಡಿದ್ದನ್ನೇ ಪರದೆಯ ಪಕ್ಕದಲ್ಲಿ ನಾನೂ ಮಾಡುತ್ತಿದ್ದೆನೆಂಬುದು ಆಗ ನನಗೆ ಹೊಳೆಯಲಿಲ್ಲ.

ಚಿತ್ರ ಮುಗಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಒಂಬತ್ತು ವರ್ಷದ ಒಬ್ಬ ಹುಡುಗ ನನ್ನ ಬಳಿ ಬಂದು ನಿಂತ. "ಆಮ್ಯಾಲೆ ಅವರವ್ವ ಅವಂಗ ಖರೇ ಹೇಳಿದ್ಳೇನ್ರಿ, ಫಾದರ್?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಊಟದ ಗಂಟೆ ಬಾರಿಸಿತೆಂದು ಹೇಳಿ ಅವನನ್ನು ಕಳುಹಿಸಿದೆ.

ಒಂದು ಶಾಲೆಯ ಚೀಲ

ಆ ಹುಡುಗನ ಮುಂದೆ ನಾನು ತಡವರಿಸಿದ್ದಕ್ಕೆ ಕಾರಣವಿದೆ. ಅದನ್ನು ನಿಮ್ಮ ಮುಂದೆ ಮುಚ್ಚಿಡಲಾರೆ.

ಮಳೆ ಕೈಕೊಟ್ಟ ವರ್ಷ ನಮ್ಮ ಒಣಸೀಮೆಯ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ಮಂಗಳೂರು, ಗೋವಾ, ಬೆಂಗಳೂರುಗಳ ಎತ್ತರದ ಕಟ್ಟಡಗಳಲ್ಲಿ ಕೊಪ್ಪಳ ಸೀಮೆಯವರ ಬೆವರಿದೆ. 2002ರಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಹಾಗೆ ಹೋದ ಒಬ್ಬ ತಂದೆ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡ. ಹೆಣವನ್ನು ರಾತ್ರಿ ತಂದು, ಬೆಳಗಾಗುವಷ್ಟರಲ್ಲಿ ಮಣ್ಣು ಮಾಡಿದರು. ಏಳು ವರ್ಷದ ಮಗ ಆಗ ಯಲಬುರ್ಗಾ ಕಡೆಯ ಅಜ್ಜಿಯ ಮನೆಯಲ್ಲಿದ್ದ. ನಾನು ಸಾಂತ್ವನ ಹೇಳಲು ಹೋದಾಗ ತಾಯಿ ಕೈಮುಗಿದು, "ಸಣ್ಣಾವ ಅದಾನ್ರಿ, ಈಗ ಹೇಳಬ್ಯಾಡ್ರಿ ಫಾದರ್" ಎಂದಳು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ. ದೀಪಾವಳಿಯ ಹೊತ್ತಿಗೆ ಹೊಸ ಶಾಲೆಯ ಚೀಲವೊಂದನ್ನು ಕೊಂಡುಹೋಗಿ, "ನಿಮ್ಮಪ್ಪ ಮಂಗಳೂರಿನಿಂದ ಕಳಿಸಿದ್ದಾನೆ" ಎಂದು ಆ ಹುಡುಗನ ಕೈಗಿಟ್ಟೆ. ಅವನು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ನಾನು ಮರಳಿದೆ.

ಎರಡು ವರ್ಷಗಳ ಬಳಿಕ ಗಂಗಾವತಿಯಲ್ಲಿ ಆ ಪ್ರಶ್ನೆ ಕೇಳಿದವನು ಅವನೇ.

ರಾತ್ರಿಯ ಯೋಚನೆ

ಆ ರಾತ್ರಿ ಕರೆಂಟು ಹೋಗಿತ್ತು. ನಿದ್ದೆಯೂ ಬರಲಿಲ್ಲ. ಗುರುಮಠದಲ್ಲಿ ಓದಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿತು.

ಸುಳ್ಳಿನ ಬಗೆಗೆ ಕ್ರೈಸ್ತ ಪರಂಪರೆಯಲ್ಲಿ ಅತ್ಯಂತ ಕಟ್ಟುನಿಟ್ಟಾದ ಮಾತು ಸಂತ ಆಗಸ್ಟೀನರದು. ಅವರು ಸುಮಾರು 395ರಲ್ಲಿ ಒಮ್ಮೆ, ಸುಮಾರು 420ರಲ್ಲಿ ಇನ್ನೊಮ್ಮೆ ಸುಳ್ಳನ್ನೇ ಕುರಿತು ಕೃತಿ ರಚಿಸಿದರು. ಎರಡರಲ್ಲಿಯೂ ತೀರ್ಮಾನ ಒಂದೇ: ಯಾವ ಕಾರಣಕ್ಕೂ ಸುಳ್ಳು ಸಲ್ಲದು. ಇದು ಕಲ್ಲೆದೆಯ ಮಾತೆಂದು ತಿಳಿಯಬೇಡಿ. ಎರಡನೆಯ ಕೃತಿಯಲ್ಲಿ ಅವರೊಂದು ಸನ್ನಿವೇಶವನ್ನು ನಮ್ಮ ಮುಂದಿಡುತ್ತಾರೆ. ಸಾವಿನಂಚಿನಲ್ಲಿ ಮಲಗಿದ ರೋಗಿಯೊಬ್ಬನ ಒಬ್ಬನೇ ಮಗ ತೀರಿಕೊಂಡಿದ್ದಾನೆ. ಆ ಸುದ್ದಿ ಕೇಳಿದರೆ ತಂದೆ ಬದುಕಲಾರ. ಅವನು ನಿಮ್ಮನ್ನೇ ಕೇಳುತ್ತಾನೆ: ನನ್ನ ಮಗ ಇದ್ದಾನೆಯೇ? ಏನು ಹೇಳುವಿರಿ? ಇಲ್ಲಿ ತಮ್ಮ ಮನಸ್ಸು ಎಷ್ಟು ಕಲಕುತ್ತದೆಂಬುದನ್ನು ಆಗಸ್ಟೀನರು ಬಚ್ಚಿಡುವುದಿಲ್ಲ. ಆದರೂ ನಿಲುವು ಬದಲಿಸುವುದಿಲ್ಲ. ಒಂದು ಸುಳ್ಳಿಗೆ ಬಾಗಿಲು ತೆರೆದರೆ ಮುಂದೆ ಯಾರ ಮಾತನ್ನು ಯಾರು ನಂಬಬೇಕು ಎಂಬುದು ಅವರ ಚಿಂತೆ. ಅವರ ಹುಟ್ಟೂರು ತಗಾಸ್ತೆಯಲ್ಲಿ ಹಿಂದೆ ಫಿರ್ಮುಸ್ ಎಂಬ ಧರ್ಮಾಧ್ಯಕ್ಷರಿದ್ದರು. ರಾಜಭಟರು ಹುಡುಕುತ್ತಿದ್ದ ಒಬ್ಬನನ್ನು ಬಚ್ಚಿಟ್ಟು, 'ನಾನು ಸುಳ್ಳನ್ನೂ ಆಡುವುದಿಲ್ಲ, ಅವನನ್ನು ಹಿಡಿದೂ ಕೊಡುವುದಿಲ್ಲ' ಎಂದು ಚಿತ್ರಹಿಂಸೆ ತಾಳಿದವರು. ಇದನ್ನೂ ಆಗಸ್ಟೀನರೇ ಬರೆದಿದ್ದಾರೆ. ಸತ್ಯ ಮತ್ತು ಕರುಣೆ ಎರಡನ್ನೂ ಉಳಿಸುವ ದಾರಿಯೊಂದಿದೆ, ಆದರೆ ಅದರ ಬೆಲೆಯನ್ನು ನಾವೇ ತೆರಬೇಕಾಗುತ್ತದೆ ಎಂಬುದು ಆ ಕಥೆಯ ಪಾಠ.

ಪರಂಪರೆಯಲ್ಲಿ ಬೇರೆ ಧ್ವನಿಗಳೂ ಇವೆ. ಐಗುಪ್ತದ ಅರಸನಿಗೆ ಸುಳ್ಳು ಹೇಳಿ ಇಬ್ರಿಯ ಕೂಸುಗಳನ್ನು ಉಳಿಸಿದ ಸೂಲಗಿತ್ತಿಯರನ್ನು ವಿಮೋಚನಾಕಾಂಡ ಹೊಗಳುತ್ತದೆ. ಆಗಸ್ಟೀನರ ಸಮಕಾಲೀನರಾದ ಜಾನ್ ಕಾಸಿಯನರು ಸುಳ್ಳನ್ನು ವಿಷಮೂಲಿಕೆಗೆ ಹೋಲಿಸಿದರು: ಆರೋಗ್ಯವಂತನಿಗೆ ಅದು ಸಾವು, ಮಾರಕ ರೋಗದಲ್ಲಿ ಮಾತ್ರ ಮದ್ದು. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸರು ಕೇಡಿನ ಸುಳ್ಳು, ಉಪಕಾರದ ಸುಳ್ಳು, ವಿನೋದದ ಸುಳ್ಳು ಎಂದು ಮೂರು ಬಗೆ ಮಾಡಿದರು. ಮೂರೂ ತಪ್ಪೇ, ಆದರೆ ತೂಕ ಬೇರೆ ಬೇರೆ ಎಂದರು. ಅವರೇ ಇನ್ನೊಂದೆಡೆ ಆಟವಾಡಲು ಬಲ್ಲ ಮನಸ್ಸನ್ನು ಸದ್ಗುಣವೆಂದು ಎಣಿಸಿದರು.

ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿಯೇ ಈ ತೊಳಲಾಟದ ಗುರುತಿದೆ. 1992ರಲ್ಲಿ ಮೊದಲು ಹೊರಬಂದಾಗ ಅದರ 2483ನೆಯ ವಿಧಿಯು ಸುಳ್ಳನ್ನು ವಿವರಿಸುತ್ತ, ಸತ್ಯವನ್ನು ತಿಳಿಯುವ ಹಕ್ಕುಳ್ಳವನನ್ನು ದಾರಿ ತಪ್ಪಿಸುವ ಮಾತು ಎಂಬ ಅರ್ಥ ಕೊಟ್ಟಿತ್ತು. 1997ರ ಅಧಿಕೃತ ಲ್ಯಾಟಿನ್ ಆವೃತ್ತಿಯಲ್ಲಿ 'ಹಕ್ಕುಳ್ಳವನು' ಎಂಬ ಆ ಷರತ್ತನ್ನು ತೆಗೆದುಹಾಕಿದರು. ಯಾರಿಗೆ ಹಕ್ಕಿದೆ, ಯಾರಿಗಿಲ್ಲ ಎಂದು ನಿರ್ಣಯಿಸುವ ಅಧಿಕಾರ ಸುಳ್ಳಾಡುವವನ ಕೈಗೆ ಹೋದರೆ ಏನಾದೀತೆಂದು ನೀವೇ ಯೋಚಿಸಿ. ನನ್ನ ವಿಷಯದಲ್ಲಿ ಆದದ್ದೂ ಅದೇ. ತನ್ನ ತಂದೆ ಸತ್ತದ್ದನ್ನು ತಿಳಿಯುವ ಹಕ್ಕು ಮಗನಿಗಿಲ್ಲವೆಂದು ತೀರ್ಮಾನಿಸಲು ನಾನಾರು?

ಹರಿಶ್ಚಂದ್ರ ಮತ್ತು ಪುಣ್ಯಕೋಟಿ

ಗಂಗಾವತಿಯಿಂದ ಆನೆಗೊಂದಿಗೆ ಹೋಗಿ ತುಂಗಭದ್ರೆಯ ದಡದಲ್ಲಿ ನಿಂತರೆ ಆಚೆಗೆ ಹಂಪಿ. ಅಲ್ಲಿಯ ರಾಘವಾಂಕ ಕವಿಯೇ ಹರಿಶ್ಚಂದ್ರನನ್ನು ಕನ್ನಡಿಗರ ಮನೆಮಾತಾಗಿಸಿದವನು. ನಮ್ಮ ಹಳ್ಳಿಗಳ ಆಟಗಳಲ್ಲಿ ಹರಿಶ್ಚಂದ್ರ ಇಂದಿಗೂ ಅಳಿಸುತ್ತಾನೆ. ರಾಜ್‌ಕುಮಾರರ 'ಸತ್ಯ ಹರಿಶ್ಚಂದ್ರ' 1965ರಲ್ಲಿ ಕಪ್ಪು ಬಿಳುಪಿನಲ್ಲಿ ಬಂತು. 2008ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ನೋಡಿದರು. ಹರಿಶ್ಚಂದ್ರ ಮತ್ತು ಗ್ವಿದೊ ಎದುರುಬದುರು ನಿಂತ ಇಬ್ಬರು ತಂದೆಯರು. ಒಬ್ಬನು ಒಂದು ಸುಳ್ಳು ಆಡಲಾರದೆ ಮಡದಿ ಮಕ್ಕಳನ್ನು ಮಾರಿದ. ಇನ್ನೊಬ್ಬನು ಮಗನನ್ನು ಉಳಿಸಲು ಉಸಿರಿರುವ ತನಕ ಸುಳ್ಳಾಡಿದ. ಹರಿಶ್ಚಂದ್ರನ ಸತ್ಯಕ್ಕೆ ಬೆಲೆ ತೆತ್ತವರಲ್ಲಿ ಲೋಹಿತಾಶ್ವನೆಂಬ ಮಗುವೂ ಇದ್ದ ಎಂಬುದು ನನ್ನನ್ನು ಮೊದಲಿನಿಂದಲೂ ಕಾಡಿದೆ.

ಆದರೆ ಆ ರಾತ್ರಿ ನನಗೆ ಬೆಳಕು ತೋರಿದ್ದು ಹರಿಶ್ಚಂದ್ರನಲ್ಲ, ಪುಣ್ಯಕೋಟಿ. ಗೋವಿನ ಹಾಡನ್ನು ನಾವೆಲ್ಲರೂ ಹುಲಿಗೆ ಕೊಟ್ಟ ಮಾತನ್ನು ಹಸು ಉಳಿಸಿಕೊಂಡ ಕಥೆಯೆಂದೇ ಓದುತ್ತೇವೆ. ನಡುವಿನ ಒಂದು ಭಾಗವನ್ನು ಗಮನಿಸುವುದಿಲ್ಲ. ಹುಲಿಯಿಂದ ಅಪ್ಪಣೆ ಪಡೆದು ದೊಡ್ಡಿಗೆ ಬಂದ ತಾಯಿ, ಹಾಲು ಕುಡಿಸಿ ಸುಮ್ಮನೆ ಹೊರಟುಹೋಗಬಹುದಿತ್ತು. 'ಮೇಯಲು ಹೋಗುತ್ತೇನೆ, ಸಂಜೆ ಬರುತ್ತೇನೆ' ಎನ್ನಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ತಾನು ಸಾಯಲು ಹೋಗುತ್ತಿರುವೆನೆಂದು ಕರುವಿಗೇ ಹೇಳಿದಳು. ಕರು ಅತ್ತಿತು. ಬಳಿಕ ಅವಳು ಒಡಹುಟ್ಟಿದ ಹಸುಗಳನ್ನು ಕರೆದು, ಈ ತಬ್ಬಲಿಯನ್ನು ನಿಮ್ಮ ಮಗುವೆಂದೇ ಕಾಣಿರಿ ಎಂದು ಒಪ್ಪಿಸಿದಳು.

ಹೀಗೆ ಹೇಳಲು ಅವಳಿಗೆ ಸಾಧ್ಯವಾದದ್ದು ಹೇಗೆ? ಅಳುವ ಕರುವನ್ನು ಹಿಡಿದುಕೊಳ್ಳಲು ಒಂದು ದೊಡ್ಡಿ ಇತ್ತು. ಸತ್ಯ ಭಾರವಾದದ್ದು, ಮಗುವೊಂದೇ ಅದನ್ನು ಹೊರಲಾರದು. ಆದರೆ ಅಕ್ಕಪಕ್ಕದಲ್ಲಿ ಕೈಹಿಡಿಯುವವರಿದ್ದರೆ ಹೊರಬಲ್ಲದು. ಗ್ವಿದೊಗೆ ಅಂಥ ದೊಡ್ಡಿ ಇರಲಿಲ್ಲ. ತಾಯಿ ಬೇಲಿಯ ಆಚೆ, ಚಿಕ್ಕಪ್ಪ ಬೂದಿಯಾಗಿದ್ದ, ಸುತ್ತಲೂ ಕೊಲೆಗಾರರು. ಅತ್ತರೆ ಮಗುವಿನ ಜೀವವೇ ಹೋಗುತ್ತಿತ್ತು. ಕಾಸಿಯನರು ಹೇಳಿದ ಮಾರಕ ರೋಗ ಅದು. ಕುಷ್ಟಗಿಯ ಆ ಹುಡುಗನಿಗಾದರೋ ದೊಡ್ಡಿ ಇತ್ತು. ತಾಯಿ ಇದ್ದಳು, ಅಜ್ಜಿ ಇದ್ದಳು, ಓಣಿಯ ಜನ ಇದ್ದರು, ನಾನಿದ್ದೆ. ದೊಡ್ಡಿಯ ಹಸುಗಳಾಗಬೇಕಾದ ನಾವೆಲ್ಲ ಸೇರಿ ಅವನ ಸುತ್ತ ಬೇಲಿ ಕಟ್ಟಿದ್ದೆವು.

ಬೆಲೆ ತೆತ್ತವರು ಯಾರು

ಬೆಳಗ್ಗೆ ಹುಡುಗನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡೆ. "ನಿನಗೊಂದು ಮಾತು ಹೇಳಬೇಕು" ಎಂದೆ. ಅವನು ನೆಲ ನೋಡುತ್ತ, "ನನಗ ಗೊತ್ತೈತ್ರಿ" ಎಂದ. ಯಾವಾಗಿನಿಂದ ಎಂದು ಕೇಳಿದೆ. ಅಪ್ಪ ಸತ್ತ ಕೆಲವೇ ದಿನಗಳಲ್ಲಿ ಶಾಲೆಯ ಹುಡುಗರು ಹೇಳಿದ್ದರಂತೆ. "ಮತ್ತೆ ಅವ್ವನನ್ನು ಕೇಳಲಿಲ್ಲವೇ?" "ಕೇಳಿದ್ರ ಅವ್ವ ಅಳ್ತಾಳಂತ ಸುಮ್ಮನಿದ್ದೆರಿ." ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: "ಆ ಚೀಲದಾಗ ಗಂಗಾವತಿ ಅಂಗಡಿ ಚೀಟಿ ಇತ್ತರಿ, ಫಾದರ್."

ಎರಡು ವರ್ಷ ಆ ಮಗು ನಮ್ಮೆಲ್ಲರಿಗಾಗಿ ಆಟ ಆಡಿತ್ತು. ಅಪ್ಪ ಮಂಗಳೂರಿನಲ್ಲಿದ್ದಾನೆಂದು ನಂಬಿದಂತೆ ನಟಿಸಿ ತಾಯಿಯನ್ನು ಕಾಪಾಡಿತ್ತು. ನನ್ನ ತೃಪ್ತಿಯನ್ನೂ ಕಾಪಾಡಿತ್ತು. ನಾನು ಗ್ವಿದೊ ಎಂದುಕೊಂಡಿದ್ದೆ. ನಿಜವಾದ ಗ್ವಿದೊ ಅವನಾಗಿದ್ದ. ಅಪ್ಪನಿಗಾಗಿ ಒಮ್ಮೆಯೂ ಬಾಯಿಬಿಟ್ಟು ಅಳಲಿಲ್ಲ, ಅಪ್ಪನ ಸಮಾಧಿಗೆ ಒಮ್ಮೆಯೂ ಹೋಗಲಿಲ್ಲ.

ಓದುಗರೇ, ಪ್ರೀತಿಯ ಸುಳ್ಳನ್ನು ತೂಗಲು ನನಗೆ ಅಂದು ದೊರೆತ ತಕ್ಕಡಿ ಇದು: ಆ ಮಾತಿನ ಬೆಲೆಯನ್ನು ತೆರುವವರು ಯಾರು? ಗ್ವಿದೊ ತನ್ನ ಮಾತಿನ ಬೆಲೆಯನ್ನು ತಾನೇ ತೆತ್ತ. ಹಸಿದು, ದಣಿದು, ಸಾವಿನ ದಾರಿಯಲ್ಲಿಯೂ ಕುಣಿದು ತೆತ್ತ. ನಮ್ಮ ಮಾತಿನಿಂದ ಉಳಿದದ್ದು ಹುಡುಗನ ಕಣ್ಣೀರಲ್ಲ, ಅವನ ಕಣ್ಣೀರನ್ನು ನೋಡುವ ನಮ್ಮ ಸಂಕಟ. ಆಸ್ಪತ್ರೆಯ ಹಾಸಿಗೆಯ ಬಳಿ, ಮದುವೆಯ ಮಾತುಕತೆಯಲ್ಲಿ, ಮುದಿ ತಂದೆತಾಯಂದಿರ ಮುಂದೆ ನಾವಾಡುವ ಎಷ್ಟು 'ಒಳ್ಳೆಯ' ಸುಳ್ಳುಗಳು ನಮ್ಮದೇ ಸುಖಕ್ಕಾಗಿ ಹುಟ್ಟಿದವು! ಅವರಿಗೆ ನೋವಾದೀತು ಎನ್ನುತ್ತೇವೆ. ಆ ನೋವಿನ ಪಕ್ಕದಲ್ಲಿ ಕೂರುವ ಶಕ್ತಿ ನಮಗಿಲ್ಲವೆಂದು ಹೇಳುವುದಿಲ್ಲ.

ಗ್ವಿದೊನ ಮಾತನ್ನು ಆಗಸ್ಟೀನರು ಕ್ಷಮಿಸುತ್ತಿದ್ದರೆಂದು ನಾನು ಹೇಳಲಾರೆ. ಅವರ ಎಚ್ಚರಿಕೆ ಸುಳ್ಳಾಗಲಿಲ್ಲ ಎಂಬುದಕ್ಕೆ ಆ ಅಂಗಡಿಯ ಚೀಟಿಯೇ ಸಾಕ್ಷಿ: ಸುಳ್ಳು ಬಯಲಾದ ಮೇಲೂ ಆ ಮಗು ನನ್ನ ಯಾವ ಮಾತನ್ನು ನಂಬಬೇಕು? ಆದರೆ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ಒಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ಜೊಸುಯೆಗೂ ಸತ್ಯದ ಸುಳಿವು ತಲುಪಿರುತ್ತದೆ. ಇಲ್ಲಿ ಮನುಷ್ಯರನ್ನು ಸುಡುತ್ತಾರಂತೆ ಎಂದು ಅವನೇ ಬಂದು ತಂದೆಗೆ ಹೇಳುತ್ತಾನೆ, ತಂದೆ ನಕ್ಕು ತಳ್ಳಿಹಾಕುತ್ತಾನೆ. ಇಡೀ ಕಥೆಯನ್ನು ಹೇಳುತ್ತಿರುವ ಧ್ವನಿ ದೊಡ್ಡವನಾದ ಜೊಸುಯೆಯದೇ ಎಂದು ಕೊನೆಯಲ್ಲಿ ತಿಳಿಯುತ್ತದೆ. ತಂದೆಯ ತ್ಯಾಗವನ್ನು ಅರಿತವನಂತೆ ಅವನು ಮಾತಾಡುತ್ತಾನೆ. ಅಂದರೆ ಯಾರೋ ಅವನಿಗೆ ಸತ್ಯವನ್ನು ಹೇಳಿದ್ದಾರೆ. ಹುಡುಗನ ಪ್ರಶ್ನೆಗೆ ಉತ್ತರ ಚಿತ್ರದೊಳಗೇ ಇತ್ತು: ಹೌದು ಮಗೂ, ಅವರವ್ವ ಹೇಳಿರಬೇಕು. ಆಟಕ್ಕೆ ಒಂದು ಕೊನೆಯಿದೆ. ಬಣ್ಣ ಹಚ್ಚಿದವನು ಆಟ ಮುಗಿದ ಮೇಲೆ ಮುಖ ತೊಳೆಯುತ್ತಾನೆ. ತೊಳೆಯಲೊಪ್ಪದ ಬಣ್ಣವೇ ಬಣ್ಣದ ಮಾತು.

ಚಿತ್ರವನ್ನು ಮನೆಯಲ್ಲಿ ನೋಡುವವರಿಗೆ

ಇದೇ ತಕ್ಕಡಿಯಲ್ಲಿ ಚಿತ್ರವನ್ನೂ ತೂಗಬೇಕಲ್ಲವೇ? ನರಮೇಧವನ್ನು ನಗೆಯ ವಸ್ತುವಾಗಿಸಿದರೆಂದು ಹಲವು ವಿಮರ್ಶಕರು ಬೆನಿನಿಯನ್ನು ಖಂಡಿಸಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದಲ್ಲಿ 1940ರಲ್ಲಿಯೇ ಹಿಟ್ಲರನನ್ನು ಗೇಲಿ ಮಾಡಿದ ಚಾಪ್ಲಿನ್, ಶಿಬಿರಗಳ ಭೀಕರತೆ ಗೊತ್ತಿದ್ದರೆ ತಾನದನ್ನು ತೆಗೆಯಲಾಗುತ್ತಿರಲಿಲ್ಲವೆಂದು ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡ. ನಿಜವಾದ ಶಿಬಿರದಲ್ಲಿ ಗ್ವಿದೊನ ಆಟ ಒಂದು ದಿನವೂ ನಡೆಯುತ್ತಿರಲಿಲ್ಲ. ಆ ನರಮೇಧದಲ್ಲಿ ಸತ್ತ ಸುಮಾರು 60 ಲಕ್ಷ ಯೆಹೂದಿಗಳಲ್ಲಿ ಸುಮಾರು 15 ಲಕ್ಷ ಮಕ್ಕಳು. 1943ರ ಅಕ್ಟೋಬರ್ 16ರಂದು ರೋಮ್ ನಗರದಲ್ಲಿ ಹಿಡಿದು ಔಶ್ವಿಟ್ಸ್‌ಗೆ ಸಾಗಿಸಿದ ಸಾವಿರಕ್ಕೂ ಹೆಚ್ಚು ಜನರಲ್ಲಿ ಮರಳಿದವರು 16 ಮಂದಿ. ಒಂದು ಮಗುವೂ ಮರಳಲಿಲ್ಲ. ಬುಕೆನ್‌ವಾಲ್ಡ್ ಶಿಬಿರದಿಂದ 1945ರಲ್ಲಿ ಎಂಟು ವರ್ಷವೂ ತುಂಬದ ಒಬ್ಬ ಬಾಲಕ ಜೀವಂತ ಹೊರಬಂದು, ಮುಂದೆ ಇಸ್ರೇಲಿನ ಮುಖ್ಯ ರಬ್ಬಿಯಾದ ನಿಜ; ಇಸ್ರಾಯೆಲ್ ಮೆಯಿರ್ ಲಾವು ಎಂಬ ಆತನಂಥವರು ಬೆರಳೆಣಿಕೆಯ ಮಂದಿ.

ಬೆನಿನಿಯ ತಂದೆ ಜರ್ಮನರ ದುಡಿಮೆಯ ಶಿಬಿರದಲ್ಲಿ ಎರಡು ವರ್ಷ ಕಳೆದವರು. ಮಕ್ಕಳು ಹೆದರಬಾರದೆಂದು ಆ ಕಥೆಗಳನ್ನು ನಗುನಗುತ್ತ ಹೇಳುತ್ತಿದ್ದರಂತೆ. ಚಿತ್ರ ಹುಟ್ಟಿದ್ದು ಆ ನಗುವಿನಿಂದ. ಶಿಬಿರಗಳ ಸತ್ಯವನ್ನು ಮೊದಲೇ ಬಲ್ಲ ಇಟಲಿಯ ಪ್ರೇಕ್ಷಕನಿಗೆ ಇದು ಬಣ್ಣ ಹಚ್ಚಿದ ಆಟವೆಂದು ಗೊತ್ತಿತ್ತು. ಗಂಗಾವತಿಯ ನನ್ನ ನಲವತ್ತು ಮಕ್ಕಳಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಆ ನರಮೇಧದ ಮೊದಲ ಸುದ್ದಿ. ಚಿತ್ರ ಬಿಟ್ಟಲ್ಲಿ ಸತ್ಯವನ್ನು ತುಂಬಬೇಕಾದವನು ನಾನು. ನಾನು 'ಜಳಕಕ್ಕೆ' ಎಂದೆ.

ಆದ್ದರಿಂದ ಈ ಚಿತ್ರವನ್ನು ನೋಡಬೇಡಿ ಎನ್ನುವುದಿಲ್ಲ. ಖಂಡಿತ ನೋಡಿ, ಮಕ್ಕಳಿಗೂ ತೋರಿಸಿ. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಇಟಾಲಿಯನ್ ಧ್ವನಿಯಲ್ಲಿಯೇ ನೋಡಿ. ಚಿತ್ರಮಂದಿರದಲ್ಲಿ ಪರದೆ ನಮಗಾಗಿ ಕಾಯುವುದಿಲ್ಲ. ಮನೆಯಲ್ಲಿ ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿಯೇ ಇದೆ. ಮಗು 'ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ' ಎಂದು ಕೇಳಿದರೆ ಗುಂಡಿ ಒತ್ತಿ, ದೀಪ ಹಾಕಿ, ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿ. ಮುಂದಿನ ವರ್ಷದ ಶಿಬಿರದಲ್ಲಿ ನಾನು ಹಾಗೆಯೇ ಮಾಡಿದೆ. ಎರಡು ಗಂಟೆಯ ಚಿತ್ರಕ್ಕೆ ಎರಡು ಸಂಜೆ ಹಿಡಿಯಿತು. ಮಕ್ಕಳು ನಕ್ಕರು, ಅತ್ತರು. ಯಾರೂ ಮುರಿದುಬೀಳಲಿಲ್ಲ.

ಶಿಬಿರ ಮುಗಿದ ದಿನ ಆ ಹುಡುಗನನ್ನು ಊರಿಗೆ ಬಿಡಲು ನಾನೇ ಹೋದೆ. ತಾಯಿಗೆ ನಡೆದುದನ್ನು ಹೇಳಿದೆ. ಅವಳು ಮಗನ ಮುಖ ನೋಡಿದಳು. ಮಗ ಅವಳ ಮುಖ ನೋಡಿದ. ಇಬ್ಬರೂ ಒಟ್ಟಿಗೆ ಅತ್ತರು, ಎರಡು ವರ್ಷ ತಡವಾಗಿ. ಅಜ್ಜಿ ಬಂದು ನಡುವೆ ಕುಳಿತಳು. ಓಣಿಯ ಹೆಂಗಸರೂ ಬಂದರು. ಸಂಜೆ ಎಲ್ಲರೂ ಸೇರಿ ಊರ ಹೊರಗಿನ ಸಮಾಧಿಗೆ ಹೋದೆವು. ಅವನು ಆ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದ.